ಹೊಸ ಮನೆಯ ಪರದೆ: ಮೊದಲು ಬೆಳಕು, ಆಮೇಲೆ ರಾಡ್, ಕೊನೆಗೆ ಬಟ್ಟೆ

"ಗೋಡೆಗೆ ಕೆನೆ ಬಣ್ಣ ಬಳಿಸಿದ್ದೇವೆ, ಪರದೆ ಯಾವ ಬಣ್ಣದ್ದು ಹಾಕಿದರೆ ಚೆನ್ನ?" ಹೊಸ ಮನೆ ಕಟ್ಟಿಸಿದವರು, ಕೊಂಡವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: ಒಂದು ಕಿಟಕಿಗೆ ಎಷ್ಟು ಮೀಟರ್ ಬಟ್ಟೆ ಬೇಕು? ಹಾಕಿಸಿದ ಪರದೆ ಒಂದೇ ಒಗೆತಕ್ಕೆ ಗಿಡ್ಡವಾಯಿತಲ್ಲ, ಏಕೆ? ಮೂರಕ್ಕೂ ಇಲ್ಲಿ ಉತ್ತರವಿದೆ. ಆದರೆ ಬಣ್ಣದ ಪ್ರಶ್ನೆಯನ್ನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ. ಬಣ್ಣ ಸ್ವಲ್ಪ ಅತ್ತಿತ್ತ ಆದರೆ ಕಣ್ಣು ಹೊಂದಿಕೊಳ್ಳುತ್ತದೆ. ಬೆಳಗಿನ ನಿದ್ದೆ ಕೆಡಿಸುವ, ಸಂಜೆಯ ಬಿಸಿಲು ತಡೆಯದ, ರಾತ್ರಿಯಾದರೆ ಮನೆಯ ಒಳಗನ್ನೆಲ್ಲ ಬೀದಿಗೆ ತೋರಿಸುವ ಪರದೆಗೆ ಯಾರೂ ಹೊಂದಿಕೊಳ್ಳಲಾರರು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಅರ್ಧ ಕೆಲಸ ಮುಗಿಸಿಕೊಳ್ಳಿ. ಇದಕ್ಕೆ ಬೇಕಾದದ್ದು ಒಂದು ಸ್ಟೀಲ್ ಟೇಪು, ಪೆನ್ಸಿಲ್, ನೋಟ್‌ಬುಕ್, ಗಟ್ಟಿಯಾದ ಏಣಿ, ಗೋಡೆಯ ಬಣ್ಣ ಕೀಳದ ಮಾಸ್ಕಿಂಗ್ ಟೇಪು, ರಸಮಟ್ಟ ಮತ್ತು ಒಂದೆರಡು ಹಳೆಯ ಬೆಡ್‌ಶೀಟ್. ದರ್ಜಿಗಳ ಬಟ್ಟೆ ಟೇಪನ್ನು ಇಲ್ಲಿ ಬಳಸಬೇಡಿ. ಎರಡು ಮೀಟರ್ ಎತ್ತರದಿಂದ ಇಳಿಬಿಟ್ಟಾಗ ಅದು ಜಗ್ಗುತ್ತದೆ, ಬಾಗುತ್ತದೆ. ಅಷ್ಟರಲ್ಲೇ ಒಂದು ಬೆರಳಿನಷ್ಟು ಅಳತೆ ತಪ್ಪಿರುತ್ತದೆ.

1. ಒಂದು ವಾರ ಕಿಟಕಿಯನ್ನು ಗಮನಿಸಿ

ಮನೆಗೆ ಬಂದ ದಿನವೇ ಪರದೆ ಇರಬೇಕೆಂಬ ಆತುರ ಬೇಡ. ಮರೆ ಬೇಕಾದ ಕಿಟಕಿಗಳಿಗೆ ಹಳೆಯ ಬೆಡ್‌ಶೀಟ್ ಅಂಟಿಸಿ, ಅಥವಾ ಅಗ್ಗದ ಸ್ಪ್ರಿಂಗ್ ರಾಡ್‌ಗೆ ನೇತುಹಾಕಿ (ಚೌಕಟ್ಟಿನ ಎರಡು ಬದಿಗೆ ಒತ್ತಿ ನಿಲ್ಲುವ, ತೂತು ಕೊರೆಯಬೇಕಿಲ್ಲದ ರಾಡ್ ಇದು). ಒಂದು ವಾರ ಹಾಗೇ ಇರಿ. ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ, ಸಂಜೆ ಐದರ ಹೊತ್ತಿಗೆ ಮತ್ತು ದೀಪ ಹಾಕಿದ ಮೇಲೆ, ಹೀಗೆ ದಿನಕ್ಕೆ ನಾಲ್ಕು ಬಾರಿ ಪ್ರತಿ ಕೋಣೆಯಲ್ಲಿ ಒಂದು ನಿಮಿಷ ನಿಲ್ಲಿ. ಬಿಸಿಲು ಎಲ್ಲಿ ಬೀಳುತ್ತದೆ, ಟಿವಿಯ ಮೇಲೆ ಹೊಳಪು ಯಾವಾಗ ಬರುತ್ತದೆ, ಮಲಗಿದವರ ಮುಖಕ್ಕೆ ಬೆಳಕು ಯಾವ ಮೂಲೆಯಿಂದ ಬರುತ್ತದೆ ಎಂಬುದನ್ನು ಬರೆದಿಡಿ.

ಪೂರ್ವ ಮತ್ತು ಪಶ್ಚಿಮದ ಕಿಟಕಿಗಳು ಎಲ್ಲೆಡೆಯೂ ಕಷ್ಟದವು. ಅಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಬಿಸಿಲು ಓರೆಯಾಗಿ ಕೋಣೆಯ ಒಳಗಿನವರೆಗೂ ಬರುತ್ತದೆ. ಕಿಟಕಿಯ ಮೇಲಿನ ಸಜ್ಜೆಯೂ ಅದನ್ನು ತಡೆಯದು. ಭೂಮಧ್ಯರೇಖೆಯಿಂದ ಉತ್ತರಕ್ಕೆ ದೂರ ಹೋದಂತೆ ದಕ್ಷಿಣದ ಕಿಟಕಿಗೆ ಬಿಸಿಲು ಹೆಚ್ಚು, ಉತ್ತರದ್ದಕ್ಕೆ ಕಡಿಮೆ; ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು.

ವಾರದ ಕೊನೆಗೆ ಪ್ರತಿ ಕಿಟಕಿಯ ಮುಂದೆ ಮೂರು ಪದಗಳನ್ನು ಬರೆಯಿರಿ: ಬೆಳಕು, ಮರೆ, ಬಿಸಿ. ಯಾವುದು ಆ ಕಿಟಕಿಯ ಮೊದಲ ಸಮಸ್ಯೆಯೋ ಅದಕ್ಕೆ ಗೆರೆ ಎಳೆಯಿರಿ. ಮಲಗುವ ಕೋಣೆಗೆ ಕತ್ತಲೆ ಮೊದಲು, ಬೀದಿ ಬದಿಯ ಹಾಲ್‌ಗೆ ಮರೆ ಮೊದಲು, ಪಶ್ಚಿಮದ ಓದುಕೋಣೆಗೆ ಬಿಸಿ ಮೊದಲು. ಮೂರನ್ನೂ ಒಂದೇ ಬಟ್ಟೆಯಿಂದ ಬಗೆಹರಿಸಲು ಹೊರಟಾಗಲೇ ಹಣ ಪೋಲಾಗುವುದು.

ಒಂದು ಎಚ್ಚರಿಕೆ. ತೆಳು ಪರದೆ, ಅಂದರೆ ಅಂಗಡಿಯವರು ಶಿಯರ್ ಎನ್ನುವ ಬಲೆಯಂಥ ಬಟ್ಟೆ, ಹಗಲಿನಲ್ಲಿ ಚೆನ್ನಾಗಿ ಮರೆ ಕೊಡುತ್ತದೆ. ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ ಇರುವುದೇ ಇದಕ್ಕೆ ಕಾರಣ. ದೀಪ ಹಾಕಿದೊಡನೆ ಲೆಕ್ಕ ತಲೆಕೆಳಗಾಗುತ್ತದೆ. ನೀವು ಹೊರಗಿನದನ್ನು ಕಾಣಲಾರಿರಿ, ಹೊರಗಿನವರು ನಿಮ್ಮನ್ನು ಕಾಣುತ್ತಾರೆ. ನಂಬಿಕೆಯಾಗದಿದ್ದರೆ ರಾತ್ರಿ ಒಳಗೆ ಒಬ್ಬರನ್ನು ನಿಲ್ಲಿಸಿ, ನೀವು ಹೊರಗೆ ಹೋಗಿ ನೋಡಿ.

2. ಪರದೆಯೋ ಬ್ಲೈಂಡೋ ತೀರ್ಮಾನಿಸಿ

ಪರದೆ ಎಂದರೆ ರಾಡ್‌ನಿಂದ ನೆರಿಗೆಯಾಗಿ ಇಳಿದು ಪಕ್ಕಕ್ಕೆ ಸರಿಯುವ ಬಟ್ಟೆ. ಬ್ಲೈಂಡ್ ಎಂದರೆ ಸುರುಳಿ ಸುತ್ತಿಕೊಳ್ಳುವ, ಮಡಚಿಕೊಳ್ಳುವ ಅಥವಾ ಪಟ್ಟಿಗಳಾಗಿ ತಿರುಗುವ ಹೊದಿಕೆ. ನಿಮಗೆ ಬೇಕಾಗುವ ಹೆಸರುಗಳು ಇಷ್ಟೇ: ಬಟ್ಟೆ ಸುರುಳಿ ಸುತ್ತಿಕೊಂಡರೆ ರೋಲರ್, ಅಡ್ಡ ಮಡಿಕೆಗಳಾಗಿ ಮೇಲೇರಿದರೆ ರೋಮನ್, ಅಡ್ಡಪಟ್ಟಿಗಳಾದರೆ ವೆನೀಷಿಯನ್, ಉದ್ದಪಟ್ಟಿಗಳಾದರೆ ವರ್ಟಿಕಲ್.

ಅಡುಗೆಮನೆಗೂ ಬಚ್ಚಲಿಗೂ ನನ್ನ ಮತ ಅಲ್ಯೂಮಿನಿಯಂ ವೆನೀಷಿಯನ್‌ಗೆ ಅಥವಾ ಒರೆಸಬಹುದಾದ ರೋಲರ್‌ಗೆ. ಎಣ್ಣೆಯ ಹಬೆ ಮತ್ತು ತೇವವನ್ನು ಬಟ್ಟೆ ಹೀರಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಒಲೆಯ ಪಕ್ಕದ ಕಿಟಕಿಗೆ ಜೋತಾಡುವ ಬಟ್ಟೆಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಗಾಳಿಗೆ ಒಮ್ಮೆ ಹಾರಿ ಉರಿಗೆ ತಾಗಿದರೆ ಸಾಕು. ಬಚ್ಚಲಿನಲ್ಲಿ ಮರೆ ಮಾತ್ರ ಬೇಕಿದ್ದರೆ ಗಾಜಿಗೆ ಮಬ್ಬು ಫಿಲ್ಮ್ ಅಂಟಿಸಿದರೆ ಮುಗಿಯಿತು, ಬೇರೆ ಹೊದಿಕೆಯೇ ಬೇಡ.

ಹೊರನೋಟ ಚೆನ್ನಾಗಿದ್ದು ಬಿಸಿಲು ಮಾತ್ರ ಬೇಡವೆಂದಾದರೆ ಸನ್‌ಸ್ಕ್ರೀನ್ ರೋಲರ್ ಕೇಳಿ. ಇದರ ಬಟ್ಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಸಣ್ಣ ರಂಧ್ರಗಳಿರುತ್ತವೆ. ಎಷ್ಟು ಭಾಗ ರಂಧ್ರವಿದೆ ಎಂಬುದನ್ನು 1, 3, 5, 10 ಶೇಕಡಾ ಎಂದು ಹೇಳುತ್ತಾರೆ, ಅದಕ್ಕೆ ಓಪನ್‌ನೆಸ್ ಎಂದು ಹೆಸರು. ಸಂಖ್ಯೆ ದೊಡ್ಡದಾದಷ್ಟೂ ಹೊರನೋಟ ಹೆಚ್ಚು, ಬಿಸಿಲೂ ಹೆಚ್ಚು. ಗಾಢ ಬಣ್ಣದ್ದಾದರೆ ಹೊರಗಿನದು ಸ್ಪಷ್ಟವಾಗಿ ಕಾಣುತ್ತದೆ. ತಿಳಿ ಬಣ್ಣದ್ದಾದರೆ ಬಿಸಿಲನ್ನು ಹೆಚ್ಚು ಹಿಮ್ಮೆಟ್ಟಿಸುತ್ತದೆ. ರಾತ್ರಿ ಇದರ ಪಾಡೂ ತೆಳು ಪರದೆಯ ಪಾಡೇ.

ಬ್ಲೈಂಡ್ ಕೊಳ್ಳುವಾಗ ಅದನ್ನು ಚೌಕಟ್ಟಿನ ಒಳಗೆ ಕೂರಿಸುತ್ತೀರೋ ಹೊರಗೆ ಗೋಡೆಗೆ ಕೂರಿಸುತ್ತೀರೋ ಎಂಬುದು ಮೊದಲೇ ತೀರ್ಮಾನವಾಗಬೇಕು. ಒಳಗಾದರೆ ನೋಟಕ್ಕೆ ಅಚ್ಚುಕಟ್ಟು, ಆದರೆ ಕಿಟಕಿ ಒಳಮುಖವಾಗಿ ತೆರೆಯುವುದಾದರೆ ಅಡ್ಡ ಬರುತ್ತದೆ. ಜೊತೆಗೆ, ರೋಲರ್‌ನ ಬಟ್ಟೆ ಅದರ ಬ್ರಾಕೆಟ್‌ಗಳಿಗಿಂತ ಕಿರಿದಾಗಿರುವುದರಿಂದ ಎರಡೂ ಅಂಚಿನಲ್ಲಿ ಒಂದೊಂದು ಬೆಳಕಿನ ಗೆರೆ ಉಳಿಯುತ್ತದೆ. ಕತ್ತಲೆ ಬೇಕಾದ ಕೋಣೆಗೆ ಹೊರಗೆ ಕೂರಿಸಿ, ಪ್ರತಿ ಬದಿಗೂ 5ರಿಂದ 8 ಸೆಂಟಿಮೀಟರ್ ಗೋಡೆಯ ಮೇಲೆ ಹರಡುವಂತೆ ಮಾಡಿಸಿ.

3. ರಾಡ್ ಮೊದಲು ಕೂರಲಿ

ಈ ಹಂತವನ್ನು ಬಹಳ ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಪರದೆ ಹೊಲಿಸಿ ತಂದು, ಆಮೇಲೆ ಅದರ ಉದ್ದಕ್ಕೆ ತಕ್ಕಂತೆ ರಾಡ್ ಕೂರಿಸುತ್ತಾರೆ. ಆಗ ರಾಡ್ ಇರಬೇಕಾದ ಕಡೆ ಇರುವುದಿಲ್ಲ, ಬಟ್ಟೆ ತಲುಪುವ ಕಡೆ ಇರುತ್ತದೆ. ರಾಡ್ ಗೋಡೆಯ ಮೇಲೆ ನಿಂತ ಮೇಲೆಯೇ ಬಟ್ಟೆಯ ಉದ್ದ ಅಳೆಯಿರಿ.

ಉದ್ದ: ಕಿಟಕಿಯ ಎರಡೂ ಬದಿಗೆ 15ರಿಂದ 25 ಸೆಂಟಿಮೀಟರ್ ಹೆಚ್ಚಿಗೆ ಬಿಡಿ. ಅಸ್ತರಿ (ಹಿಂಬದಿಗೆ ಕೂಡಿಸುವ ಒಳಬಟ್ಟೆ) ಹಾಕಿದ ದಪ್ಪ ಪರದೆಯಾದರೆ 30ರವರೆಗೂ ಬಿಡಬಹುದು. ಪರದೆ ಸರಿಸಿದಾಗ ಮಡಿಕೆಗಳೆಲ್ಲ ಗೋಡೆಯ ಮೇಲೆ ಕೂರಬೇಕು, ಗಾಜಿನ ಮೇಲಲ್ಲ. ರಾಡ್ ಕಿಟಕಿಯಷ್ಟೇ ಉದ್ದವಿದ್ದರೆ ಪರದೆ ಪೂರ್ತಿ ತೆರೆದಾಗಲೂ ಗಾಜಿನ ಒಂದಷ್ಟು ಭಾಗ ಮುಚ್ಚಿಯೇ ಇರುತ್ತದೆ. ದೊಡ್ಡ ಕಿಟಕಿ ಇಟ್ಟಿದ್ದೂ ವ್ಯರ್ಥ.

ಎತ್ತರ: ಚೌಕಟ್ಟಿನ ಮೇಲಂಚಿನಿಂದ 10ರಿಂದ 15 ಸೆಂಟಿಮೀಟರ್ ಮೇಲೆ. ಚಾವಣಿಗೂ ಚೌಕಟ್ಟಿಗೂ ನಡುವೆ ಜಾಗ ಕಡಿಮೆಯಿದ್ದರೆ ನೇರವಾಗಿ ಚಾವಣಿಯ ಹತ್ತಿರಕ್ಕೇ ಒಯ್ಯಿರಿ, ಕೋಣೆ ಎತ್ತರವಾಗಿ ಕಾಣುತ್ತದೆ. ಒಂದೇ ಗೋಡೆಯಲ್ಲಿ ಕಿಟಕಿ ಮತ್ತು ಬಾಗಿಲು ಬೇರೆ ಬೇರೆ ಎತ್ತರದಲ್ಲಿದ್ದರೆ ಎರಡಕ್ಕೂ ರಾಡ್ ಒಂದೇ ಮಟ್ಟದಲ್ಲಿರಲಿ. ಮಟ್ಟವನ್ನು ರಸಮಟ್ಟದಲ್ಲಿ ನೋಡಿ. ಆದರೆ ಹಳೆಯ ಕಟ್ಟಡದಲ್ಲಿ ಚಾವಣಿಯೇ ಓರೆಯಾಗಿದ್ದರೆ, ಚಾವಣಿಗೆ ತೀರಾ ಹತ್ತಿರ ಕೂರಿಸಿದ ರಾಡ್ ಮಟ್ಟವಾಗಿದ್ದರೂ ಓರೆಯಾಗಿಯೇ ಕಾಣುತ್ತದೆ. ಅಂಥಲ್ಲಿ ಕೆಳಗಿಳಿಸಿ.

ಗಟ್ಟಿತನ: ಪರದೆಯ ತೂಕವನ್ನು ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಬಟ್ಟೆಯ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. 300 ಜಿಎಸ್‌ಎಂ ಬಟ್ಟೆ 11 ಚದರ ಮೀಟರ್ ಬೇಕಾದರೆ 3.3 ಕಿಲೋ ಆಯಿತು. ಅದಕ್ಕೆ 150 ಜಿಎಸ್‌ಎಂ ಅಸ್ತರಿ ಸೇರಿದರೆ ಐದು ಕಿಲೋ ಸಮೀಪ. ಇದರ ಮೇಲೆ ಮಕ್ಕಳು ಹಿಡಿದು ಎಳೆಯುವ ಭಾರ ಬೇರೆ. ರಾಡ್ 180 ಸೆಂಟಿಮೀಟರ್ ದಾಟಿದರೆ ನಡುವೆ ಒಂದು ಬ್ರಾಕೆಟ್ ಬೇಕೇ ಬೇಕು, ಇಲ್ಲವಾದರೆ ಕೆಲವೇ ತಿಂಗಳಲ್ಲಿ ನಡು ಬಾಗುತ್ತದೆ. ಆದರೆ ರಾಡ್ ತೂರಿಸುವ ಪರದೆ ನಡುವಿನ ಬ್ರಾಕೆಟ್ ದಾಟಿ ಸರಿಯಲಾರದು. ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಪರದೆ ಮಾಡಿಸಬೇಕು.

ತೂತು ಕೊರೆಯುವ ಮುನ್ನ ಎರಡು ವಿಷಯ. ಕಿಟಕಿಯ ಮೇಲೆ ಸಾಮಾನ್ಯವಾಗಿ ಕಾಂಕ್ರೀಟ್ ಲಿಂಟಲ್ (ಅಡ್ಡತೊಲೆ) ಇರುತ್ತದೆ, ಅದಕ್ಕೆ ಹ್ಯಾಮರ್ ಡ್ರಿಲ್ ಬೇಕು. ಟೊಳ್ಳು ಇಟ್ಟಿಗೆ ಅಥವಾ ಜಿಪ್ಸಂ ಹಲಗೆಯ ಗೋಡೆಯಾದರೆ ಸ್ಕ್ರೂ ಹಿಡಿಯಲು ತೂತಿಗೆ ಹಾಕುವ, ಅದಕ್ಕೆಂದೇ ಬರುವ ಅಗಲಿಸುವ ಪ್ಲಗ್ ಬೇಕು, ಮಾಮೂಲಿ ಪ್ಲಗ್ ಕಿತ್ತು ಬರುತ್ತದೆ. ಎರಡನೆಯದು, ಸ್ವಿಚ್‌ಬೋರ್ಡಿನ ನೇರ ಮೇಲೆ ಗೋಡೆಯೊಳಗೆ ವಿದ್ಯುತ್ ತಂತಿ ಹಾದುಹೋಗಿರುವ ಸಾಧ್ಯತೆ ಹೆಚ್ಚು. ಆ ಸಾಲಿನಲ್ಲಿ ಕೊರೆಯಬೇಡಿ. ಗೋಡೆಗೆ ಇನ್ನೂ ಬಣ್ಣ ಆಗುತ್ತಿದ್ದರೆ ಕೊನೆಯ ಕೋಟಿಗೆ ಮೊದಲೇ ತೂತು ಕೊರೆಸಿ ಪ್ಲಗ್ ಹಾಕಿಸಿ. ಬ್ರಾಕೆಟ್ ಬಣ್ಣ ಒಣಗಿದ ಮೇಲೆ ಕೂರಲಿ. ಮೋಟಾರಿನ ಪರದೆ ಬೇಕೆಂಬ ಆಸೆಯಿದ್ದರೆ ವಿದ್ಯುತ್ ಪಾಯಿಂಟನ್ನೂ ಇದೇ ಹೊತ್ತಿಗೆ ಹೇಳಬೇಕು.

4. ಅಳತೆ

ಯಾವ ಮಾನದಲ್ಲಿ ಅಳೆದರೂ ಸರಿ, ಮನೆ ಪೂರ್ತಿ ಒಂದೇ ಮಾನ ಇರಲಿ. ಕೆಲವನ್ನು ಇಂಚಿನಲ್ಲಿ, ಕೆಲವನ್ನು ಸೆಂಟಿಮೀಟರಿನಲ್ಲಿ ಬರೆದ ಚೀಟಿ ದರ್ಜಿಯ ಕೈಗೆ ಹೋದರೆ ಎಡವಟ್ಟು ಖಂಡಿತ. ಒಂದು ಇಂಚು 2.54 ಸೆಂಟಿಮೀಟರ್. ಯಾವಾಗಲೂ ಅಗಲ ಮೊದಲು, ಎತ್ತರ ಆಮೇಲೆ ಬರೆಯಿರಿ. ಪಕ್ಕದಲ್ಲಿ "ಅ", "ಎ" ಎಂದು ಗುರುತು ಹಾಕಿ.

ಚೌಕಟ್ಟಿನ ಒಳಗೆ ಕೂರುವ ಬ್ಲೈಂಡಿಗೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ತೆಗೆದುಕೊಳ್ಳಿ. ಹೊಸ ಮನೆಯ ಕಿಟಕಿಯಲ್ಲೂ ಗಾರೆಯ ದಪ್ಪದಿಂದ ಐದಾರು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಈ ಅಳತೆ ಕೊಡುವಾಗ "ಇದು ಕಿಟಕಿಯ ತೆರಪಿನ ಅಳತೆ" ಎಂದು ಸ್ಪಷ್ಟವಾಗಿ ಬರೆದುಕೊಡಿ. ಬ್ಲೈಂಡ್ ಸಲೀಸಾಗಿ ಏರಿಳಿಯಲೆಂದು ತಯಾರಿಸುವವರು ತಾವೇ ಸ್ವಲ್ಪ ಕಳೆಯುತ್ತಾರೆ. ಮೊದಲೇ ನೀವೂ ಕಳೆದಿದ್ದರೆ ಎರಡೆರಡು ಬಾರಿ ಕಳೆದಂತಾಗಿ ಅಂಚಿನ ಸಂದು ದೊಡ್ಡದಾಗುತ್ತದೆ.

ಪರದೆಗೆ ಅಗಲವೆಂದರೆ ಕಿಟಕಿಯ ಅಗಲವಲ್ಲ, ರಾಡ್‌ನ ಉದ್ದ. ಎತ್ತರವನ್ನು ರಾಡ್‌ನ ಎಡ ತುದಿ, ನಡು, ಬಲ ತುದಿ ಮೂರೂ ಕಡೆಯಿಂದ ನೆಲದವರೆಗೆ ಅಳೆಯಿರಿ. ನೆಲಕ್ಕೆ ತಾಗುವ ಪರದೆಯಾದರೆ ಅತಿ ಕಡಿಮೆ ಬಂದ ಎತ್ತರದಿಂದ 1 ಸೆಂಟಿಮೀಟರ್ ಕಳೆದು ಹೊಲಿಸಿ. ನೆಲ ಒರೆಸುವ ನೀರು ಅಂಚಿಗೆ ತಗುಲುವುದಿಲ್ಲ, ಕಣ್ಣಿಗೆ ಮಾತ್ರ ನೆಲ ಮುಟ್ಟಿದಂತೆಯೇ ಕಾಣುತ್ತದೆ. ನೆಲದ ಮೇಲೆ ರಾಶಿ ಬೀಳುವ ಉದ್ದದ ಪರದೆಯನ್ನು ಚಿತ್ರಗಳಲ್ಲಿ ನೋಡಿ ಆಸೆಪಡುವವರಿದ್ದಾರೆ. ದಿನವೂ ಗುಡಿಸಿ ಒರೆಸುವ ಮನೆಗೆ ಅದನ್ನು ನಾನು ಹೇಳಲಾರೆ.

ಕಿಟಕಿಯ ಕೆಳಗೆ ಮಂಚ, ಮೇಜು ಇದ್ದು ಗಿಡ್ಡ ಪರದೆಯೇ ಬೇಕಾದರೆ, ಕಿಟಕಿ ಕಟ್ಟೆಗಿಂತ 1 ಸೆಂಟಿಮೀಟರ್ ಮೇಲಕ್ಕೆ ಅಥವಾ ಕಟ್ಟೆಯಿಂದ 10ರಿಂದ 15 ಸೆಂಟಿಮೀಟರ್ ಕೆಳಕ್ಕೆ ನಿಲ್ಲಿಸಿ. ಕಟ್ಟೆಗೂ ನೆಲಕ್ಕೂ ನಡುವೆ ಅರ್ಧದಲ್ಲಿ ತೂಗುವ ಪರದೆ ಬಟ್ಟೆ ಸಾಲದೆ ನಿಂತಂತೆ ಕಾಣುತ್ತದೆ.

5. ನೆರಿಗೆ ಮತ್ತು ಬಟ್ಟೆಯ ಲೆಕ್ಕ

ಪರದೆಯ ಅಂದವಿರುವುದು ನೆರಿಗೆಯಲ್ಲಿ. ಮುಚ್ಚಿದಾಗಲೂ ನೆರಿಗೆ ಉಳಿಯಬೇಕಾದರೆ ರಾಡ್‌ನ ಉದ್ದಕ್ಕಿಂತ ಹೆಚ್ಚು ಅಗಲದ ಬಟ್ಟೆ ಬೇಕು. ಎಷ್ಟು ಹೆಚ್ಚು ಎಂಬುದು ಪರದೆಯ ತಲೆಯ ಹೊಲಿಗೆಯನ್ನು ಅವಲಂಬಿಸಿದೆ. ಲೋಹದ ಬಳೆ ಕೂರಿಸಿ ರಾಡ್ ತೂರಿಸುವ ಐಲೆಟ್‌ಗೆ ಒಂದೂವರೆಯಿಂದ ಎರಡು ಪಟ್ಟು ಸಾಕು. ಮೂರು ಮಡಿಕೆ ಚಿವುಟಿ ಹೊಲಿದು ಕೊಕ್ಕೆಗೆ ಸಿಕ್ಕಿಸುವ ಪಿಂಚ್ ಪ್ಲೀಟ್‌ಗೆ ಎರಡರಿಂದ ಎರಡೂವರೆ ಪಟ್ಟು. ತೆಳು ಬಟ್ಟೆಗೆ ಎರಡೂವರೆಯಿಂದ ಮೂರು. ದುಬಾರಿ ಬಟ್ಟೆಯನ್ನು ಜಿಪುಣತನದಿಂದ ಒಂದೂಕಾಲು ಪಟ್ಟು ಹಾಕಿಸುವುದಕ್ಕಿಂತ ಸಾಧಾರಣ ಬಟ್ಟೆಯನ್ನು ಧಾರಾಳವಾಗಿ ಎರಡು ಪಟ್ಟು ಹಾಕಿಸುವುದು ಎಷ್ಟೋ ಮೇಲು. ನೋಡುವವರಿಗೆ ಕಾಣುವುದು ಮಡಿಕೆಯ ತುಂಬು.

ಒಂದು ಲೆಕ್ಕ ಮಾಡಿಯೇ ನೋಡೋಣ. ಕಿಟಕಿ 150 ಸೆಂಟಿಮೀಟರ್ ಅಗಲ. ಎರಡೂ ಬದಿಗೆ 20 ಸೇರಿಸಿದರೆ ರಾಡ್ 190. ಎರಡು ಪಟ್ಟು ನೆರಿಗೆಗೆ 380. ಪರದೆ ಬಟ್ಟೆಯ ಪನ್ನ, ಅಂದರೆ ತಾನಿನ ಅಗಲ, ಸಾಮಾನ್ಯವಾಗಿ 137 ಸೆಂಟಿಮೀಟರ್ (54 ಇಂಚು). 380ನ್ನು 137ರಿಂದ ಭಾಗಿಸಿದರೆ 2.77. ಮೇಲಿನ ಪೂರ್ಣಸಂಖ್ಯೆ ಹಿಡಿಯಬೇಕು, ಆದ್ದರಿಂದ 3 ಪನ್ನ. ಸಿದ್ಧ ಪರದೆಯ ಉದ್ದ 240 ಎಂದುಕೊಳ್ಳಿ. ಮೇಲೆ ಕೆಳಗೆ ಮಡಿಸಿ ಹೊಲಿಯಲು 30 ಸೇರಿಸಿದರೆ 270. ಮೂರು ಪನ್ನಕ್ಕೆ 810, ಅಂದರೆ 8.1 ಮೀಟರ್.

ಇದು ಸಾದಾ ಬಟ್ಟೆಯ ಮಾತು. ದೊಡ್ಡ ಹೂವಿನ, ಬಳ್ಳಿಯ ವಿನ್ಯಾಸವಿದ್ದರೆ ಪಕ್ಕಪಕ್ಕದ ಪನ್ನಗಳಲ್ಲಿ ಹೂವು ಹೂವಿಗೆ ಕೂಡಬೇಕು. ವಿನ್ಯಾಸ ಎಷ್ಟು ಉದ್ದಕ್ಕೊಮ್ಮೆ ಮರುಕಳಿಸುತ್ತದೆ ಎಂಬುದನ್ನು ರಿಪೀಟ್ ಎನ್ನುತ್ತಾರೆ. ಅದು 64 ಸೆಂಟಿಮೀಟರ್ ಎಂದಾದರೆ 270 ಸಾಲದು. 64ರ ಐದು ಪಟ್ಟು, ಅಂದರೆ 320 ಬೇಕು. ಮೂರು ಪನ್ನಕ್ಕೆ 9.6 ಮೀಟರ್. ಒಂದೇ ಕಿಟಕಿಗೆ ಒಂದೂವರೆ ಮೀಟರ್ ಹೆಚ್ಚಾಯಿತು. ಬೆಲೆ ಕೇಳುವ ಮುನ್ನ ರಿಪೀಟ್ ಕೇಳಿ.

ಮೂರು ಪನ್ನದಲ್ಲಿ ಎರಡು ಪರದೆ ಎಂದರೆ ಒಂದೊಂದಕ್ಕೆ ಒಂದೂವರೆ ಪನ್ನ. ಆ ಅರ್ಧ ಪನ್ನ ಎಲ್ಲಿ ಕೂಡಬೇಕು? ಗೋಡೆಯ ಬದಿಗೆ. ಪೂರ್ಣ ಪನ್ನ ಕಿಟಕಿಯ ನಡುವಿಗೆ ಬರಬೇಕು. ಹೀಗೆ ಮಾಡಿದರೆ ಜೋಡಣೆಯ ಹೊಲಿಗೆ ಹಿಂದಿನ ಮಡಿಕೆಯಲ್ಲಿ ಅಡಗುತ್ತದೆ. ದರ್ಜಿಗೆ ಇದನ್ನು ಬಾಯಲ್ಲಿ ಹೇಳುವುದರ ಜೊತೆಗೆ ಒಂದು ಚಿತ್ರ ಬರೆದುಕೊಡಿ. ಎರಡೂ ಪರದೆಯನ್ನು ಒಂದೇ ಥರ ಹೊಲಿದು, ಒಂದರ ಜೋಡಣೆ ನಡುವೆ ಎದ್ದು ಕಾಣುವುದು ಬಹಳ ಸಾಮಾನ್ಯ ತಪ್ಪು.

ಐಲೆಟ್ ಪರದೆಗೆ ಮತ್ತೆರಡು ಮಾತು. ಬಳೆಗಳ ಸಂಖ್ಯೆ ಸಮಸಂಖ್ಯೆ ಇರಲಿ: ಎಂಟು, ಹತ್ತು, ಹನ್ನೆರಡು. ಆಗ ಪರದೆಯ ಎರಡೂ ಅಂಚು ಗೋಡೆಯ ಕಡೆಗೇ ತಿರುಗುತ್ತವೆ. ಬೆಸಸಂಖ್ಯೆಯಾದರೆ ಒಂದು ಅಂಚು ಕೋಣೆಗೆ ಮುಖ ಮಾಡಿ ಬಿಚ್ಚಿಕೊಂಡಂತೆ ನಿಲ್ಲುತ್ತದೆ. ಬಳೆಯ ಒಳವ್ಯಾಸ ರಾಡ್‌ಗಿಂತ ಸುಮಾರು 10 ಮಿಲಿಮೀಟರ್ ದೊಡ್ಡದಿದ್ದರೆ ಪರದೆ ಕೈಯಲ್ಲಿ ಎಳೆದಂತೆ ಸರಿಯುತ್ತದೆ. ಉದ್ದ ಹೇಳುವಾಗ "ರಾಡ್‌ನ ಮೇಲ್ತುದಿಯಿಂದ ಇಷ್ಟು" ಎನ್ನಿ. ಬಳೆಯ ಮೇಲಿನ ಎರಡು ಮೂರು ಸೆಂಟಿಮೀಟರ್ ಬಟ್ಟೆಯನ್ನು ದರ್ಜಿ ಪ್ರತ್ಯೇಕ ಸೇರಿಸಿಕೊಳ್ಳಲಿ.

6. ಈಗ ಬಟ್ಟೆ

ಹತ್ತಿ ಮತ್ತು ಲಿನನ್ (ಅಗಸೆ ನಾರಿನ ಬಟ್ಟೆ) ಇಳಿಬೀಳುವ ಬಗೆಯೇ ಚೆಂದ. ಆದರೆ ಮೊದಲ ಒಗೆತಕ್ಕೆ ಶೇಕಡಾ 3ರಿಂದ 5ರಷ್ಟು ಕುಗ್ಗಬಹುದು. 240 ಸೆಂಟಿಮೀಟರ್ ಪರದೆಯಲ್ಲಿ ಅದು 7ರಿಂದ 12 ಸೆಂಟಿಮೀಟರ್! ಗಿಡ್ಡವಾದ ಪರದೆಯ ಗುಟ್ಟು ಇದೇ. ಕತ್ತರಿಸುವ ಮುನ್ನ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿಸಿ. ಅಸ್ತರಿಯನ್ನೂ ಹಾಗೆಯೇ ಮಾಡಿಸಬೇಕು. ಅದು ಬಟ್ಟೆಗಿಂತ ಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಪರದೆ ಸೊಟ್ಟಗಾಗುತ್ತದೆ. ಪಾಲಿಯೆಸ್ಟರ್ ಕುಗ್ಗುವುದು ಅತಿ ಕಡಿಮೆ, ಬಿಸಿಲಿಗೆ ತಾಳುತ್ತದೆ, ಒಗೆದು ಹಾಗೆಯೇ ತೂಗುಹಾಕಬಹುದು. ಚಿಕ್ಕ ಮಕ್ಕಳಿರುವ ಮನೆಗೆ, ಬಿಸಿಲ ಕಿಟಕಿಗೆ ಹತ್ತಿ ಪಾಲಿಯೆಸ್ಟರ್ ಮಿಶ್ರ ಬಟ್ಟೆಯನ್ನು ನಾನು ಹಿಂಜರಿಯದೆ ಹೇಳುತ್ತೇನೆ. ರೇಷ್ಮೆಯ ಎಳೆ ನೇರ ಬಿಸಿಲಿಗೆ ಸವೆದು ಹರಿಯುತ್ತದೆ. ಹಾಕಲೇಬೇಕಾದರೆ ಹಿಂದೆ ಅಸ್ತರಿ ಕಡ್ಡಾಯ. ವೆಲ್ವೆಟ್ ಭಾರ, ಧೂಳು ಹಿಡಿಯುತ್ತದೆ, ಆದರೆ ಚಳಿಯ ಊರಿನಲ್ಲಿ ಅದರಷ್ಟು ಬೆಚ್ಚನೆಯದು ಇಲ್ಲ.

ಅಸ್ತರಿಗೆ ಹಣ ಉಳಿಸಬೇಡಿ. ಬಿಸಿಲಿನ ಏಟು ಮೊದಲು ತಿನ್ನುವುದು ಅದು. ಮುಂದಿನ ಬಟ್ಟೆಯ ಬಣ್ಣ ಉಳಿಯುತ್ತದೆ, ಮಡಿಕೆಗೆ ಮೈ ಬರುತ್ತದೆ, ಹೊರಗಿನಿಂದ ಎಲ್ಲ ಕಿಟಕಿಗಳೂ ಒಂದೇ ಬಣ್ಣ ಕಾಣುತ್ತವೆ.

ಕತ್ತಲೆಯ ಬಟ್ಟೆಯಲ್ಲಿ ಎರಡು ದರ್ಜೆ. ಡಿಮ್‌ಔಟ್ ಬೆಳಕನ್ನು ಮಂದ ಮಾಡುತ್ತದೆ, ಬ್ಲ್ಯಾಕ್‌ಔಟ್ ಪೂರ್ತಿ ತಡೆಯುತ್ತದೆ. ಅಂಗಡಿಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆಯ ಹಿಂದೆ ಒತ್ತಿ ಹಿಡಿಯಿರಿ. ಬೆಳಕಿನ ಚುಕ್ಕೆ ಕಂಡರೆ ಅದು ಡಿಮ್‌ಔಟ್, ಚೀಟಿಯಲ್ಲಿ ಏನೇ ಬರೆದಿರಲಿ. ಲೇಪನವಿರುವ ಬಟ್ಟೆಯಾದರೆ ಒಂದು ಮೂಲೆಯನ್ನು ಮಡಚಿ ಉಜ್ಜಿ ನೋಡಿ, ಲೇಪನ ಬಿರುಕು ಬಿಡಬಾರದು. ಸೂಜಿ ಹೋದಲ್ಲೆಲ್ಲ ಬೆಳಕಿನ ಸಣ್ಣ ಚುಕ್ಕೆ ಉಳಿಯುವುದರಿಂದ ನಡುವೆ ಹೊಲಿಗೆ ಕಡಿಮೆಯಿರಬೇಕು. ಬಿಚ್ಚಿ ಮತ್ತೆ ಹೊಲಿದರೆ ಚುಕ್ಕೆಗಳ ಸಾಲೇ ಕಾಣುತ್ತದೆ. ಇಷ್ಟೆಲ್ಲ ಮಾಡಿಯೂ ಕೋಣೆ ಕತ್ತಲಾಗುವುದಿಲ್ಲ ಎನ್ನುವವರ ಮನೆಯಲ್ಲಿ ಬೆಳಕು ಬರುತ್ತಿರುವುದು ಬಟ್ಟೆಯಿಂದಲ್ಲ, ಅಂಚಿನಿಂದ. ಪರದೆಯ ಹೊರ ಅಂಚು ರಾಡ್‌ನ ತುದಿಯಲ್ಲಿ ತಿರುಗಿ ಗೋಡೆಗೆ ತಾಗುವಂತೆ ಒಂದು ಕೊಕ್ಕೆ ಹಾಕಿಸಿ, ನಡುವೆ ಎರಡು ಪರದೆ 5ರಿಂದ 10 ಸೆಂಟಿಮೀಟರ್ ಒಂದರ ಮೇಲೊಂದು ಬರಲಿ.

ಬಿಸಿಯ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಗಾಜು ದಾಟಿದ ಬಿಸಿಲಿನ ಒಂದು ಪಾಲನ್ನು ತಿಳಿ ಬಣ್ಣದ ಹಿಂಬದಿ ವಾಪಸು ಕಳಿಸಬಹುದು, ಉಳಿದದ್ದು ಕೋಣೆಯಲ್ಲೇ ಉಳಿಯುತ್ತದೆ. ಬಿಳಿ ಪ್ಲಾಸ್ಟಿಕ್ ಹಿಂಬದಿಯ ಮಧ್ಯಮ ಬಣ್ಣದ ಪರದೆಗಳು ಒಳಬರುವ ಶಾಖವನ್ನು ಶೇಕಡಾ 33ರವರೆಗೆ ತಗ್ಗಿಸಬಲ್ಲವು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಬಿಸಿಲು ಬೀಳುವ ಮುನ್ನವೇ ಮುಚ್ಚಬೇಕು ಎಂಬುದು ಇದರಲ್ಲೇ ಇರುವ ಮಾತು. ಗಾಜು ತಲುಪುವ ಮೊದಲೇ ಹೊರಗಡೆ ನೆರಳು ಮಾಡಲು ಸಾಧ್ಯವಿದ್ದರೆ, ಒಳಗಿನ ಯಾವ ಪರದೆಗಿಂತಲೂ ಅದು ಮಿಗಿಲು.

7. ಬಣ್ಣ

ಈಗ ಮೊದಲ ಪ್ರಶ್ನೆಗೆ ಬಂದೆವು. ಅಂಗಡಿಯ ದೀಪದಲ್ಲಿ ಬಣ್ಣ ತೀರ್ಮಾನಿಸಬೇಡಿ. ಕನಿಷ್ಠ ಒಂದು ಮೊಳ ತುಂಡು ತಂದು ಕಿಟಕಿಯ ಗಾಜಿಗೇ ಅಂಟಿಸಿ. ಸೋಫಾ ಮೇಲೆ ಹರಡಿ ನೋಡಿದರೆ ಸಾಲದು, ಏಕೆಂದರೆ ಪರದೆಯ ಬಣ್ಣವನ್ನು ನಾವು ಹಿಂದಿನಿಂದ ಬರುವ ಬೆಳಕಿನಲ್ಲಿ ನೋಡುತ್ತೇವೆ. ಮಡಿಸಿಟ್ಟಾಗ ಬೂದಿಯಂತಿದ್ದದ್ದು ಬೆಳಗಿನ ಬಿಸಿಲಿನಲ್ಲಿ ಹಸಿರು ಛಾಯೆ ತೋರಬಹುದು, ಕೆಂಪು ಪರದೆ ಇಡೀ ಕೋಣೆಗೆ ಗುಲಾಬಿ ಬಣ್ಣ ಚೆಲ್ಲಬಹುದು. ಎರಡು ದಿನ ಅಲ್ಲೇ ಇರಲಿ. ಕೆನೆ ಗೋಡೆಗೆ ಸುಲಭದ ಉತ್ತರ: ಗೋಡೆಗಿಂತ ಎರಡು ಮೂರು ಛಾಯೆ ಗಾಢವಾದ ಅದೇ ಬಳಗದ ಬಣ್ಣ. ಎದ್ದು ಕಾಣಬೇಕೆಂದರೆ ಕೋಣೆಯಲ್ಲಿ ಈಗಾಗಲೇ ಇರುವ ಚಾಪೆ, ದಿಂಬು, ಚಿತ್ರಪಟ ಇವುಗಳಿಂದ ಒಂದು ಬಣ್ಣ ಎತ್ತಿಕೊಳ್ಳಿ. ಒಂದು ಕೋಣೆಗೆ ಬೇಕಾದ ಬಟ್ಟೆಯನ್ನೆಲ್ಲ ಒಂದೇ ತಾನಿನಿಂದ ಕತ್ತರಿಸಿಕೊಳ್ಳಿ. ಬೇರೆ ಬಾರಿ ಬಣ್ಣಕ್ಕೆ ಅದ್ದಿದ ತಾನು ಹೆಸರಿಗೆ ಅದೇ ಬಣ್ಣವಾದರೂ ಪಕ್ಕದಲ್ಲಿ ಇಟ್ಟಾಗ ಬೇರೆ ಕಾಣುತ್ತದೆ.

8. ಮಕ್ಕಳಿರುವ ಮನೆ, ಬರಲಿರುವ ಮನೆ

ಬ್ಲೈಂಡನ್ನು ಏರಿಳಿಸುವ ಎಳೆದಾರ ಮತ್ತು ಮಣಿಸರ ಚಿಕ್ಕ ಮಕ್ಕಳ ಕುತ್ತಿಗೆಗೆ ಸುತ್ತಿಕೊಂಡು ಜೀವ ತೆಗೆದ ಪ್ರಕರಣಗಳು ಹಲವು ದೇಶಗಳಲ್ಲಿ ಆಗಿವೆ. ಕೆಲವೇ ನಿಮಿಷಗಳಲ್ಲಿ, ಸದ್ದಿಲ್ಲದೆ ಆಗಿಹೋಗುವ ಅನಾಹುತ ಇದು. ಅಮೆರಿಕದಲ್ಲಿ ಕಿಟಕಿ ಹೊದಿಕೆಗಳ ಸುರಕ್ಷತಾ ಮಾನದಂಡವನ್ನು 2022ರಲ್ಲಿ ಬಿಗಿಗೊಳಿಸಿ, ಅಳತೆ ಕೊಟ್ಟು ಮಾಡಿಸುವ ಬ್ಲೈಂಡ್‌ಗಳಲ್ಲೂ ತೂಗಾಡುವ ಉದ್ದ ದಾರಗಳನ್ನು ನಿಲ್ಲಿಸಲಾಯಿತು. ಅದು 2024ರ ಜೂನ್‌ನಿಂದ ಜಾರಿಯಲ್ಲಿದೆ. ನೀವಿರುವ ಕಡೆ ನಿಯಮ ಇರಲಿ ಬಿಡಲಿ, ಮಗುವಿರುವ ಮನೆಗೆ, ಮಕ್ಕಳು ಬಂದುಹೋಗುವ ಮನೆಗೆ ದಾರವಿಲ್ಲದ ಬ್ಲೈಂಡನ್ನೇ ಕೇಳಿ. ಈಗಾಗಲೇ ದಾರವಿರುವುದು ಇದ್ದರೆ ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿ ಗೋಡೆಗೆ ಕೊಕ್ಕೆ ಹೊಡೆದು ಪ್ರತಿ ಬಾರಿಯೂ ಅದಕ್ಕೆ ಸುತ್ತಿ. ಮಣಿಸರವಾದರೆ ಅದನ್ನು ಬಿಗಿಯಾಗಿ ಗೋಡೆಗೆ ಹಿಡಿಯುವ ಕ್ಲಿಪ್ ಹಾಕಿಸಿ. ರೋಮನ್ ಬ್ಲೈಂಡಿನ ಹಿಂಬದಿಯ ದಾರಗಳನ್ನು ಜನ ಮರೆಯುತ್ತಾರೆ, ಅವನ್ನೂ ನೋಡಿ. ತೊಟ್ಟಿಲು, ಮಂಚ, ಹತ್ತಬಹುದಾದ ಕುರ್ಚಿ ಯಾವುದೂ ಕಿಟಕಿಯ ಪಕ್ಕ ಇರುವುದು ಬೇಡ.

9. ತೂಗುಹಾಕಿದ ಮೇಲೆ

ಕೆಳಗಿನ ಅಂಚನ್ನು ದರ್ಜಿ ಮೊದಲಿಗೆ ಕಚ್ಚಾ ಹೊಲಿಗೆ ಹಾಕಿ ಕೊಡಲಿ. ಪರದೆ ಒಂದು ವಾರ ತನ್ನ ಭಾರಕ್ಕೆ ತೂಗಲಿ. ಲಿನನ್‌ನಂಥ ಸಡಿಲ ನೇಯ್ಗೆಯ ಬಟ್ಟೆ ಆ ವಾರದಲ್ಲಿ ಒಂದಿಷ್ಟು ಇಳಿಯುತ್ತದೆ. ಆಮೇಲೆ ಗುಂಡುಸೂಜಿ ಹಾಕಿ ಅಂಚು ಗುರುತಿಸಿ, ಪಕ್ಕಾ ಹೊಲಿಗೆ ಹಾಕಿಸಿ. ಅಂಚಿನ ಮಡಿಕೆಯೊಳಗೆ ಹೆಚ್ಚಿನ ಬಟ್ಟೆಯನ್ನು ಕತ್ತರಿಸದೆ ಬಿಡಿ, ಮುಂದೆ ಇಳಿಸಿಕೊಳ್ಳಬೇಕಾದರೆ ಅದೇ ಆಧಾರ.

ನೆರಿಗೆ ನಿಲ್ಲಿಸಲು ಪರದೆ ಪೂರ್ತಿ ಸರಿಸಿ, ಪ್ರತಿ ಮಡಿಕೆಯನ್ನೂ ಮೇಲಿನಿಂದ ಕೆಳಗಿನವರೆಗೆ ಬೆರಳಲ್ಲಿ ಹಿಡಿದು ಎಳೆಯಿರಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ಮೂರು ದಿನ ಬಿಟ್ಟುಬಿಡಿ. ಬಿಚ್ಚಿದ ಮೇಲೆ ಮಡಿಕೆ ತಾನಾಗಿ ಜಾಗಕ್ಕೆ ಬರುತ್ತದೆ.

ಧೂಳನ್ನು ವಾರಕ್ಕೊಮ್ಮೆ ಮೇಲಿನಿಂದ ಕೆಳಕ್ಕೆ ಮೃದು ಬ್ರಷ್ಷಿನಲ್ಲಿ ತೆಗೆದರೆ ಒಗೆತಗಳು ಕಡಿಮೆಯಾಗುತ್ತವೆ. ಲೇಪನವಿರುವ ಬ್ಲ್ಯಾಕ್‌ಔಟ್ ಬಟ್ಟೆಗೆ ಇಸ್ತ್ರಿ ಲೇಪನದ ಕಡೆಯಿಂದ ಬೇಡ, ಅಂಟಿಕೊಳ್ಳುತ್ತದೆ. ಉಳಿದ ಬಟ್ಟೆಯ ಒಂದು ತುಂಡು, ಎರಡು ಬಳೆ ಅಥವಾ ಕೊಕ್ಕೆ, ಒಗೆಯುವ ಗುರುತಿರುವ ಚೀಟಿ ಮತ್ತು ನಿಮ್ಮ ಅಳತೆಯ ಪುಟವನ್ನು ಒಂದೇ ಲಕೋಟೆಯಲ್ಲಿ ಹಾಕಿ, ಮೇಲೆ ಕೋಣೆಯ ಹೆಸರು ಬರೆದಿಡಿ.